ತೊಟ್ಟಿಯಲ್ಲಿ ಕೂಡಿಟ್ಟ ಕರೆಂಟು

ಮನೆಯ ಮೇಲಿರುವ 1000 ಲೀಟರಿನ ನೀರಿನ ಟ್ಯಾಂಕನ್ನು ನೆನೆಯಿರಿ. ವನೇಡಿಯಂ ಎಂಬ ಲೋಹ ಕರಗಿಸಿದ ಅಷ್ಟೇ ದ್ರಾವಣವನ್ನು ಫ್ಲೋ ಬ್ಯಾಟರಿಯ, ಅಂದರೆ ದ್ರವ ಹರಿಸುವ ಬ್ಯಾಟರಿಯ, ಎರಡು ತೊಟ್ಟಿಗಳಿಗೆ ಸಮನಾಗಿ ಹಂಚಿದರೆ ಅದರಲ್ಲಿ ಹಿಡಿಸುವ ವಿದ್ಯುತ್ತು ಸುಮಾರು 20 ಯೂನಿಟ್. ತೂಕವೋ 1300 ಕಿಲೋ ದಾಟುತ್ತದೆ. ಇದನ್ನು ಕಾರಿಗೆ ಹಾಕುವ ಮಾತೇ ಇಲ್ಲ. ಆದರೆ ಹಗಲಿನ ಬಿಸಿಲನ್ನು ರಾತ್ರಿಗೆ ಎತ್ತಿಡಬೇಕಾದ ಸೋಲಾರ್ ಪಾರ್ಕಿಗೆ ತೂಕದ ಚಿಂತೆ ಏನಿದೆ?

ಫ್ಲೋ ಬ್ಯಾಟರಿಯ ಗುಟ್ಟು ಇಷ್ಟೇ: ಶಕ್ತಿ ಇರುವುದು ದ್ರವದಲ್ಲಿ, ಅದು ಕರೆಂಟಾಗುವುದು ಬೇರೆಡೆ ಇರುವ ಕೋಶಗಳಲ್ಲಿ. ಪ್ರತಿ ಕೋಶದ ನಡುವೆ ಒಂದು ತೆಳು ಪೊರೆ, ಅದರ ಎರಡೂ ಬದಿಗೆ ಕಾರ್ಬನ್ ಫೆಲ್ಟ್, ಅಂದರೆ ಇಂಗಾಲದ ನಾರಿನ ಕಂಬಳಿಯಂಥ ಹಾಸು. ಪಂಪುಗಳು ಎರಡು ತೊಟ್ಟಿಗಳ ದ್ರವವನ್ನು ಈ ಫೆಲ್ಟಿನ ಮೂಲಕ ಹಾಯಿಸುತ್ತವೆ. 1000 ಚದರ ಸೆಂಟಿಮೀಟರಿನ 40 ಕೋಶಗಳನ್ನು ಸಾಲಾಗಿ ಜೋಡಿಸಿ 100 ಆಂಪಿಯರ್ ಎಳೆದರೆ ಸುಮಾರು 48 ವೋಲ್ಟ್, ಅಂದರೆ ಐದು ಕಿಲೋವ್ಯಾಟಿಗೆ ತುಸು ಕಡಿಮೆ. ಹೆಚ್ಚು ಹೊತ್ತು ಬೇಕೆ? ಕೋಶಗಳನ್ನು ಮುಟ್ಟಬೇಡಿ, ತೊಟ್ಟಿ ದೊಡ್ಡದು ಮಾಡಿ. ಚೀನಾದ ದಾಲಿಯನ್‌ನಲ್ಲಿ 2022ರಲ್ಲಿ ಗ್ರಿಡ್ಡಿಗೆ ಸೇರಿದ ಸ್ಥಾವರ 100 ಮೆಗಾವ್ಯಾಟಿನದು. ನಾಲ್ಕು ಗಂಟೆ ಓಡಿದರೆ ನಾಲ್ಕು ಲಕ್ಷ ಯೂನಿಟ್.

1970ರ ದಶಕದಲ್ಲಿ ನಾಸಾ ಒಂದು ಕಡೆ ಕಬ್ಬಿಣ, ಇನ್ನೊಂದು ಕಡೆ ಕ್ರೋಮಿಯಂ ಇಟ್ಟು ಇದನ್ನು ಮಾಡಿತ್ತು. ಯಾವ ಪೊರೆಯೂ ಪೂರ್ತಿ ಬಿಗಿಯಲ್ಲ. ಎರಡು ಲೋಹಗಳು ಒಂದಕ್ಕೊಂದು ಬೆರೆತರೆ ಬೇರ್ಪಡಿಸುವುದು ದೊಡ್ಡ ಕೆಲಸ. 1980ರ ದಶಕದಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮರಿಯಾ ಸ್ಕಿಲಾಸ್-ಕಜಾಕೋಸ್ ತಂಡ ಎರಡೂ ಕಡೆ ವನೇಡಿಯಂ ಒಂದನ್ನೇ ಬಳಸಿತು. ಈ ಲೋಹಕ್ಕೆ ದ್ರಾವಣದಲ್ಲಿ ನಾಲ್ಕು ಅವಸ್ಥೆ, ನಾಲ್ಕು ಬಣ್ಣ. ಚಾರ್ಜ್ ಆಗುವಾಗ ಋಣ ತೊಟ್ಟಿಯ ಹಸಿರು ನೇರಳೆಗೆ ತಿರುಗುತ್ತದೆ, ಧನ ತೊಟ್ಟಿಯ ನೀಲಿ ಹಳದಿಗೆ. ಬಳಸುವಾಗ ಎಲ್ಲ ತಿರುಗುಮುರುಗು. ಸೋರಿದರೆ ಆ ಹೊತ್ತಿನ ಚಾರ್ಜ್ ಸ್ವಲ್ಪ ಹೋಗುತ್ತದೆ, ದ್ರಾವಣ ಕೆಡುವುದಿಲ್ಲ. ಒಂದು ತೊಟ್ಟಿ ಏರಿ ಇನ್ನೊಂದು ಇಳಿದಾಗ ಎರಡನ್ನೂ ಬೆರೆಸಿ ಮತ್ತೆ ಸಮಪಾಲು ಮಾಡಿದರಾಯಿತು.

ಗಾಳಿ ಸೇರಿದರೆ ಮಾತ್ರ ಈ ಉಪಾಯ ನಡೆಯದು. ನೇರಳೆ ದ್ರವ ಆಮ್ಲಜನಕವನ್ನು ಕಂಡರೆ ಬಿಡುವುದಿಲ್ಲ. ಮತ್ತೆ ಹಸಿರಾಗುತ್ತದೆ, ಎರಡು ತೊಟ್ಟಿಗಳ ಲೆಕ್ಕ ತಪ್ಪುತ್ತದೆ. ಬೆರೆಸಿದರೂ ಸರಿಹೋಗದು, ಏಕೆಂದರೆ ಒಟ್ಟು ದ್ರಾವಣವೇ ಉತ್ಕರ್ಷಣಗೊಂಡಿರುತ್ತದೆ, ಅಂದರೆ ಎಲೆಕ್ಟ್ರಾನು ಕಳೆದುಕೊಂಡಿರುತ್ತದೆ. ಋಣ ಕೋಶದಲ್ಲಿ ಹೈಡ್ರೋಜನ್ ಹುಟ್ಟಿದರೂ ಇದೇ ಪಾಡು. ಹಾಗಾಗಿ ತೊಟ್ಟಿಯ ಮೇಲೆ ನೈಟ್ರೋಜನ್ ಹೊದಿಕೆ ಬೇಕು. ಕೈಮೀರಿದರೆ ಹಳದಿ ದ್ರವಕ್ಕೆ ಅಳೆದು ಆಕ್ಸಾಲಿಕ್ ಆಮ್ಲ ಹಾಕಬಹುದು. ಅದು ವನೇಡಿಯಂಗೆ ಎಲೆಕ್ಟ್ರಾನು ಕೊಟ್ಟು, ತಾನು ಇಂಗಾಲದ ಡೈಆಕ್ಸೈಡಾಗಿ ಹಾರಿಹೋಗುತ್ತದೆ.

ನಮ್ಮ ರಾಯಚೂರು, ಕಲಬುರಗಿ ಕಡೆ ಯೋಚಿಸಬೇಕಾದದ್ದು ಬಿಸಿಲು. ಸಾಮಾನ್ಯ ದ್ರಾವಣದಲ್ಲಿ ಲೀಟರಿಗೆ ಸುಮಾರು 1.6 ಮೋಲ್ (ಪರಮಾಣುಗಳ ಎಣಿಕೆಯ ಅಳತೆ) ವನೇಡಿಯಂ ಗಂಧಕಾಮ್ಲದಲ್ಲಿ ಕರಗಿರುತ್ತದೆ. ಪೂರ್ತಿ ಚಾರ್ಜ್ ಆದ ಹಳದಿ ದ್ರವ 40 ಡಿಗ್ರಿ ದಾಟಿ ಹೆಚ್ಚು ಹೊತ್ತು ನಿಂತರೆ ಕಿತ್ತಳೆ-ಕೆಂಪು ಗಸಿ ಇಳಿದು ಫೆಲ್ಟಿನ ರಂಧ್ರಗಳನ್ನು ಮುಚ್ಚುತ್ತದೆ. 10 ಡಿಗ್ರಿಗಿಂತ ತಂಪಾದರೆ ಇನ್ನೊಂದು ತೊಟ್ಟಿಯಲ್ಲಿ ಹರಳು. ಗಂಧಕಾಮ್ಲಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ದ್ರಾವಣ 50 ಡಿಗ್ರಿಯವರೆಗೆ ತಾಳುತ್ತದೆ, 2.5 ಮೋಲ್ ಹಿಡಿಸುತ್ತದೆ. ಆದರೆ ಕ್ಲೋರಿನ್ ಅನಿಲ ಏಳದಂತೆ ಚಾರ್ಜಿನ ಮಿತಿ ಕಾಯಬೇಕು. ಈ ದ್ರಾವಣ ಬೇಡವೆಂದರೆ ಶಾಖ ವಿನಿಮಯಕ ಇಟ್ಟು ತಂಪು ಮಾಡಬೇಕು, ಅದಕ್ಕೂ ಕರೆಂಟು.

ಪಂಪಿಗೂ ಕರೆಂಟು ತಾನೆ. ಹಾಕಿದ 100 ಯೂನಿಟ್ಟಿನಲ್ಲಿ ಮರಳಿ ಸಿಗುವುದು 65ರಿಂದ 80. ಇದರಲ್ಲಿ ಒಂದು ನಷ್ಟ ಕಣ್ಣಿಗೆ ಕಾಣದು: ಎಲ್ಲ ಕೋಶಗಳಿಗೂ ಒಂದೇ ಕೊಳವೆಯಿಂದ ದ್ರವ ಬರುತ್ತದೆ, ದ್ರವವೇ ವಾಹಕ, ಆದ್ದರಿಂದ ಕರೆಂಟು ಹೊರಗಿನ ತಂತಿ ಬಿಟ್ಟು ಕೊಳವೆಯೊಳಗೇ ಸೋರುತ್ತದೆ. ತಡೆಯಲು ಕಾಲುವೆಗಳನ್ನು ಉದ್ದ, ಕಿರಿದು ಮಾಡಬೇಕು. ಮಾಡಿದರೆ ಪಂಪು ಏದುಸಿರು ಬಿಡುತ್ತದೆ. ಕೋಶದ ಸಾಲು ಎಷ್ಟು ಉದ್ದವಿರಬೇಕು ಎಂಬುದು ಕಡೆಗೆ ತೀರ್ಮಾನವಾಗುವುದು ಈ ಹಗ್ಗಜಗ್ಗಾಟದಲ್ಲೇ.