ಪದ ಪರಿಚಯ: ಥ್ರೂ ಟ್ರೈನ್

1970ರ ದಶಕದಲ್ಲಿ ಹಾಂಗ್‌ಕಾಂಗ್‌ನಿಂದ ಚೀನಾದ ಗ್ವಾಂಗ್‌ಝೌಗೆ ರೈಲಿನಲ್ಲಿ ಹೊರಟವರು ಗಡಿಯ ಲೋ ವೂ ಸ್ಟೇಷನ್ನಿನಲ್ಲಿ ಇಳಿಯಲೇಬೇಕಿತ್ತು. ಗಂಟುಮೂಟೆ ಹೊತ್ತು ಸೇತುವೆ ದಾಟಬೇಕು, ಆಚೆ ದಡದ ಶೆನ್‌ಜೆನ್‌ನಲ್ಲಿ ಬೇರೆ ರೈಲು ಹತ್ತಬೇಕು. 1979ರಲ್ಲಿ ನೇರ ರೈಲು ಮತ್ತೆ ಶುರುವಾಯಿತು. ಕೂತ ಸೀಟಿನಿಂದ ಏಳದೆ ಗಡಿ ದಾಟಬಹುದಿತ್ತು. ಅದೇ ಥ್ರೂ ಟ್ರೈನ್.

ಮುಂದೆ ಈ ಮಾತು ರಾಜಕೀಯಕ್ಕೆ ಬಂತು. ಅಲ್ಲಿ ಗಡಿ ಅಂದರೆ ಒಂದು ತಾರೀಖು: 1997ರ ಜುಲೈ 1. ಅಂದು ಬ್ರಿಟನ್ ಹಾಂಗ್‌ಕಾಂಗನ್ನು ಚೀನಾಕ್ಕೆ ಒಪ್ಪಿಸಬೇಕೆಂದು 1984ರಲ್ಲೇ ಒಪ್ಪಂದವಾಗಿತ್ತು. ಹಾಗಾದರೆ 1995ರಲ್ಲಿ ಗೆದ್ದ ಶಾಸಕರ ಗತಿ? ಧ್ವಜ ಬದಲಾದರೂ ಅವರು ಕೂತಲ್ಲೇ ಕೂತು 1999ರವರೆಗೆ ಮುಂದುವರಿಯಬಹುದು ಅನ್ನುವ ಏರ್ಪಾಟಿಗೆ ಥ್ರೂ ಟ್ರೈನ್ ಅಂತ ಹೆಸರು ಬಿತ್ತು.

1990ರಲ್ಲಿ ಚೀನಾ ಇದಕ್ಕೆ ಒಪ್ಪಿತ್ತು, ಆದರೆ ಷರತ್ತಿನ ಮೇಲೆ. ಒಟ್ಟು 60 ಸೀಟು. ಜನ ನೇರವಾಗಿ ಆರಿಸುವುದು 20, ಚುನಾವಣಾ ಸಮಿತಿ ಆರಿಸುವುದು 10, ಉಳಿದ 30 ಕಸುಬುವಾರು ಕ್ಷೇತ್ರಗಳಿಗೆ. ಅಂದರೆ ವಕೀಲರಿಗೊಂದು, ವೈದ್ಯರಿಗೊಂದು ಹೀಗೆ. ನಮ್ಮ ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರ ನೆನೆಸಿಕೊಳ್ಳಿ. ಕೆಲವು ಕಡೆಯಂತೂ ಕಂಪನಿಗಳೇ ಮತದಾರರು!

1992ರಲ್ಲಿ ಬಂದ ಕೊನೆಯ ಗವರ್ನರ್ ಕ್ರಿಸ್ ಪ್ಯಾಟನ್ ಈ ಲೆಕ್ಕವನ್ನು ಮುಟ್ಟಲಿಲ್ಲ. ಆದರೆ ಹೊಸದಾಗಿ ಮಾಡಬೇಕಿದ್ದ ಒಂಬತ್ತು ಕಸುಬಿನ ಕ್ಷೇತ್ರಗಳನ್ನು, ದುಡಿಯುವವರೆಲ್ಲ ಅಲ್ಲಿ ಮತ ಹಾಕುವಷ್ಟು ಅಗಲ ಮಾಡುತ್ತೇನೆ ಅಂದರು. ಸುಮಾರು 27 ಲಕ್ಷ ಜನ. ಮತದಾನದ ವಯಸ್ಸನ್ನೂ 21ರಿಂದ 18ಕ್ಕೆ ಇಳಿಸಲು ಹೊರಟರು. ಬೀಜಿಂಗ್ ಕೆಂಡವಾಯಿತು. ಹಾಂಗ್‌ಕಾಂಗ್ ವ್ಯವಹಾರ ನೋಡುತ್ತಿದ್ದ ಲು ಪಿಂಗ್, ಪ್ಯಾಟನ್ ಇತಿಹಾಸದುದ್ದಕ್ಕೂ ಉಳಿಯುವ ಪಾಪಿ ಅಂದುಬಿಟ್ಟರು.

1990ರ ಷರತ್ತನ್ನು ಅಕ್ಷರ ಹಿಡಿದು ಓದಿದರೆ ಪ್ಯಾಟನ್ ತಪ್ಪು ಮಾಡಿರಲಿಲ್ಲ ಅಂತಲೇ ನನಗನ್ನಿಸುತ್ತೆ. ಆದರೆ ಬೀಜಿಂಗ್ ಸುಮ್ನೆ ರೇಗಿದ್ದೂ ಅಲ್ಲ. ನೂರೈವತ್ತು ವರ್ಷ ಆಳಿದ ಬ್ರಿಟನ್ ಶಾಸನಸಭೆಗೆ ಮೊದಲ ನೇರ ಚುನಾವಣೆ ಮಾಡಿಸಿದ್ದು 1991ರಲ್ಲಿ, ಅದೂ 18 ಸೀಟಿಗೆ. ಮನೆ ಖಾಲಿ ಮಾಡುವ ಹೊತ್ತಿಗೆ ಗೋಡೆಗೆ ಬಣ್ಣ ಬಳಿದ ಹಾಗಾಗಲಿಲ್ವಾ?

1993ರಲ್ಲಿ ಎರಡೂ ದೇಶ 17 ಸುತ್ತು ಮಾತಾಡಿದವು. ಬಗೆಹರಿಯಲಿಲ್ಲ. 1994ರ ಜೂನ್ ಕೊನೆಯಲ್ಲಿ ಪ್ಯಾಟನ್ ಮಸೂದೆ ಶಾಸನಸಭೆಯಲ್ಲಿ ಮತಕ್ಕೆ ಬಂತು. ಅದರ ಹಲ್ಲು ಕೀಳುವಂಥ ತಿದ್ದುಪಡಿಯೊಂದು 28–29ರಲ್ಲಿ, ಒಂದೇ ಒಂದು ಮತದಿಂದ ಬಿದ್ದುಹೋಯಿತು. ಮಸೂದೆ ಪಾಸಾಯಿತು.

ಆಗ ಮುನ್ನೆಲೆಗೆ ಬಂದದ್ದು ಚೀನಾದ ಇನ್ನೊಂದು ಮಾತು: ಬೇರೆ ಒಲೆ ಹೂಡುವುದು. ಅಣ್ಣತಮ್ಮಂದಿರು ಪಾಲಾದಾಗ ನಾವು ಹೇಳುವ ಮಾತೇ ಅಲ್ವಾ? ಚೀನೀಯರೂ ಹಾಗೇ ಹೇಳುತ್ತಾರೆ. ಥ್ರೂ ಟ್ರೈನ್ ರದ್ದಾಯಿತು. 1996ರ ಡಿಸೆಂಬರಿನಲ್ಲಿ 400 ಜನರ ಸಮಿತಿಯೊಂದು ತಾತ್ಕಾಲಿಕ ಶಾಸನಸಭೆಯನ್ನು ಆರಿಸಿತು. ಹಸ್ತಾಂತರದವರೆಗೂ ಅದು ಸೇರುತ್ತಿದ್ದದ್ದು ಲೋ ವೂ ಸೇತುವೆಯ ಆಚೆ, ಶೆನ್‌ಜೆನ್‌ನಲ್ಲಿ. ಆ ಸಭೆಯ 60 ಜನರಲ್ಲಿ 33 ಮಂದಿ ಹಾಂಗ್‌ಕಾಂಗ್‌ನ ಹಾಲಿ ಶಾಸಕರೇ. ಎರಡೂ ಗಾಡಿಗೆ ಟಿಕೆಟ್ ಇಟ್ಟುಕೊಂಡವರು!

ಇಳಿಯಬೇಕಾಗಿ ಬಂದವರಲ್ಲಿ ಡೆಮಾಕ್ರಟಿಕ್ ಪಕ್ಷದ ಮಾರ್ಟಿನ್ ಲೀ ಒಬ್ಬರು. ಹಸ್ತಾಂತರದ ಆ ರಾತ್ರಿ ಸಂಗಾತಿಗಳ ಜೊತೆ ಶಾಸನಸಭೆಯ ಬಾಲ್ಕನಿಯಲ್ಲಿ ನಿಂತು, ಕೆಳಗೆ ನೆರೆದ ಜನರಿಗೆ ಮತ್ತೆ ಬರುತ್ತೇವೆ ಅಂದರು. 1998ರ ಮೇ ಚುನಾವಣೆಯಲ್ಲಿ ಗೆದ್ದು ಬಂದರು ಕೂಡ. ಅಷ್ಟರಲ್ಲಿ ಪ್ಯಾಟನ್ ಅಗಲ ಮಾಡಿದ್ದ ಆ ಒಂಬತ್ತು ಕ್ಷೇತ್ರಗಳ ಬಾಗಿಲು ಮತ್ತೆ ಕಿರಿದಾಗಿತ್ತು.