ಏಳು ತಿಂಗಳ ಬಸುರಿ, ಸೊಂಟ ನೋವು: ಸೂಜಿ, ಕಪ್ಪಿಂಗ್ ಮಾಡಿಸಬಹುದಾ?

ಪ್ರಶ್ನೆ: ನಾನು ಏಳು ತಿಂಗಳ ಬಸುರಿ, ಊರು ಸಿಂಧನೂರು. ಸೊಂಟ ನೋವಿಗೆ ಮಾತ್ರೆ ನುಂಗಲು ಭಯ. ಸೂಜಿ ಚುಚ್ಚುವವರು, ಕಪ್ ಇಟ್ಟು ರಕ್ತ ತೆಗೆಯುವವರು ಇದ್ದಾರೆ, ಹೋಗು ಅಂತಾರೆ. ಸೋಂಕು ತಗಲುತ್ತದಾ?

ಉತ್ತರ: ಚರ್ಮ ಹರಿಯುತ್ತದಾ ಇಲ್ಲವಾ, ಮೊದಲು ಅಷ್ಟು ನೋಡಿ. ಸೊಂಟಕ್ಕೆ ಬೆಚ್ಚಗಿನ ಶಾಖ ಕೊಟ್ಟರೆ, ಮೆಲ್ಲಗೆ ಎಣ್ಣೆ ತಿಕ್ಕಿದರೆ ಸೋಂಕಿನ ಚಿಂತೆ ಕಡಿಮೆ. ಸೂಜಿ, ಬ್ಲೇಡು ಬಂದರೆ ಲೆಕ್ಕವೇ ಬೇರೆ.

ಅಕ್ಯುಪಂಕ್ಚರ್ (ನೋವಿಗೆ ಸೂಜಿ ಚುಚ್ಚುವ ಚಿಕಿತ್ಸೆ) ಕಲಿತವರು ಹೊಸ ಸೂಜಿ ಬಳಸಿದರೆ ಸೋಂಕು ಅಪರೂಪ. ಸೀಲ್ ಇರುವ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಹರಿಯಬೇಕು. ಸ್ಪಿರಿಟ್ ಬಟ್ಟಲಿನಿಂದ ಎತ್ತಿದ ಸೂಜಿ ಕಂಡರೆ ಸುಮ್ನೆ ಎದ್ದು ಬನ್ನಿ. ರಕ್ತದಿಂದ ಅಂಟಿ ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೂ ಕನಿಷ್ಠ 7 ದಿನ ಬದುಕಿರಬಲ್ಲದು. ತಾಯಿಯಿಂದ ಹೆರಿಗೆ ಹೊತ್ತಿಗೆ ಮಗುವಿಗೆ ದಾಟಬಹುದು. ಹಾಗೆ ಅಂಟಿಸಿಕೊಂಡ 10 ಕೂಸುಗಳಲ್ಲಿ ಸುಮಾರು 9 ಕೂಸುಗಳಿಗೆ ಅದು ಗಟ್ಟಿಯಾಗಿ ಉಳಿದುಬಿಡುತ್ತದೆ. ತಾಯಿ ಕಾರ್ಡಿನಲ್ಲಿ 'ನೆಗೆಟಿವ್' ಅಂತ ಬರೆದಿದೆಯಲ್ಲಾ ಅನ್ನಬಹುದು. ಅದು ಮೊದಲ ತಿಂಗಳುಗಳ ಪರೀಕ್ಷೆ. ಈಗ ಚುಚ್ಚಿಸಿಕೊಂಡದ್ದು ಅದರಲ್ಲಿ ಎಲ್ಲಿ ಕಾಣಬೇಕು? ಈಗಾಗಲೇ ಚುಚ್ಚಿಸಿಕೊಂಡಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಪರೀಕ್ಷೆ ಮತ್ತೆ ಮಾಡುತ್ತಾರೆ. ಕೂಸಿಗೆ ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ.

ರಕ್ತ ತೆಗೆಯುವ ಕಪ್ಪಿಂಗ್ ಬೇಡವೇ ಬೇಡ. ಬಸುರಿಯರಲ್ಲಿ ಅನೇಕರಿಗೆ ರಕ್ತಹೀನತೆ ಮೊದಲೇ ಇರುತ್ತದೆ, ಅದರ ಮೇಲೆ ಬ್ಲೇಡಿನ ಗೀರುಗಳು. ರಕ್ತ ಹೀರಿಸಲು ಜಿಗಣೆ ಬಿಡಿಸುವುದೂ ಬೇಡ. ಅದನ್ನು ಎಷ್ಟು ತೊಳೆದರೂ ಏರೋಮೊನಾಸ್ ಅನ್ನೋ ಬ್ಯಾಕ್ಟೀರಿಯಾ ಅದರ ಹೊಟ್ಟೆಯೊಳಗೇ ಇರುತ್ತದೆ. ಒಂದು ಪ್ಯಾರಾಸಿಟಮಾಲ್‌ಗೆ ಹೆದರಿ ಬ್ಲೇಡಿಗೆ ಬೆನ್ನು ಕೊಡುವುದು ನನಗಂತೂ ಉಲ್ಟಾ ಅನ್ನಿಸುತ್ತದೆ. ಡಾಕ್ಟರನ್ನು ಕೇಳಿ, ಅವರು ಹೇಳಿದಷ್ಟೇ ನುಂಗಿ.

ಹೆರಿಗೆ ಆದಮೇಲೆ ಇನ್ನೂ ಜಾಸ್ತಿ ಎಚ್ಚರ ಬೇಕು. ಸಿಸೇರಿಯನ್ ಹೊಲಿಗೆ ಮೇಲೆ ಎಣ್ಣೆ, ಅರಿಶಿನ, ಬೂದಿ ಏನೂ ಬೇಡ. ನೋವಿಗೆ ಬರೆ ಹಾಕಿಸಿದರೆ ಸುಟ್ಟ ಗಾಯದಿಂದ ಧನುರ್ವಾಯು ಬರಬಹುದು. ನಮ್ಮ ರಾಯಚೂರು ಕಡೆ ಬಿಸಿಲಿನಲ್ಲಿ ಕಿಟಕಿ ಮುಚ್ಚಿ, ಹೊಟ್ಟೆಗೆ ಸೀರೆ ಬಿಗಿದು ಕೂರಿಸಿದರೆ ಹೊಲಿಗೆ ಬೆವರಿನಲ್ಲೇ ನೆನೆಯುತ್ತದೆ. ಒಣಗಲು ಗಾಳಿ ಬೇಕಲ್ವಾ?

ಬಾಣಂತಿಗೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ 'ಹಾಲಿನ ಜ್ವರ', 'ಬಿಸಿಲಿಗೆ ಮೈ ಕಾದಿದೆ' ಅಂತ ಕಾಯಬೇಡಿ. ಕೆಳಗೆ ಹೋಗುವ ಸ್ರಾವಕ್ಕೆ ಕೆಟ್ಟ ವಾಸನೆ ಬಂದರೆ, ಹೊಲಿಗೆ ಕೀವು ಕಟ್ಟಿದರೆ, ಹೊಟ್ಟೆ ನೋವು ಏರಿದರೆ ಅಂದೇ ತಾಲೂಕು ಆಸ್ಪತ್ರೆಗೆ ಹೋಗಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ, ರಾತ್ರಿಯಾದರೂ ಸರಿ.