ಯಾರನ್ನು ಕೇಳಿ ಮಾಡಿದ ಸಹಾಯ?

ಕಾಲೇಜಿಗೆ ರ‍್ಯಾಂಪ್ ಬಂತು, ಪರೀಕ್ಷೆಗೆ ಸ್ಕ್ರೈಬ್ (ಹೇಳಿದ ಉತ್ತರವನ್ನು ಬರೆದುಕೊಡುವವರು) ಸಿಕ್ಕರು. ಆದರೂ ಅಂಗವೈಕಲ್ಯವಿರುವ ವಿದ್ಯಾರ್ಥಿ ಎರಡನೇ ಸೆಮಿಸ್ಟರಿನ ಹೊತ್ತಿಗೆ ಮಂಕಾಗುವುದುಂಟು. ಸೌಲಭ್ಯ ಸಾಲದಾಯಿತೇ ಎಂದು ಎಲ್ಲರೂ ಕೇಳುತ್ತಾರೆ. ಆ ಸೌಲಭ್ಯವನ್ನು ತೀರ್ಮಾನಿಸಿದ್ದು ಯಾರು ಎಂದು ಕೇಳುವವರು ಕಡಿಮೆ.

ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ರೂಪಿಸಿದ ಸ್ವನಿರ್ಧಾರ ಸಿದ್ಧಾಂತ ಮನಸ್ಸಿನ ಮೂರು ಮೂಲ ಅಗತ್ಯಗಳನ್ನು ಗುರುತಿಸುತ್ತದೆ: ನನ್ನ ನಿರ್ಧಾರ ನನ್ನದು ಎಂಬ ಸ್ವಾಯತ್ತತೆ, ಇದು ನನ್ನ ಕೈಲಾಗುತ್ತದೆ ಎಂಬ ಭರವಸೆ, ನಾನೂ ಇವರಲ್ಲೊಬ್ಬ ಎಂಬ ನಂಟು. ಇವು ಈಡೇರದಿರುವುದು ಬೇರೆ, ಇವನ್ನು ತುಳಿಯುವುದು ಬೇರೆ. ತರಗತಿಯಲ್ಲಿ ಇನ್ನೂ ಗೆಳೆಯರಾಗಿಲ್ಲ ಎಂಬುದು ಮೊದಲನೆಯದು. ಬೇಕೆಂದೇ ಹೊರಗಿಟ್ಟರೆ ಎರಡನೆಯದು. ಖಿನ್ನತೆ, ಆತಂಕಗಳು ಹೆಚ್ಚಾಗಿ ತಳಕು ಹಾಕಿಕೊಂಡಿರುವುದು ಎರಡನೆಯದರ ಜೊತೆಗೇ.

ಒಳ್ಳೆಯ ಮನಸ್ಸಿನಿಂದಲೂ ತುಳಿಯಬಹುದು. ಗಾಲಿಕುರ್ಚಿಯನ್ನು ಕೇಳದೆ ತಳ್ಳುವುದು, ಸನ್ನೆ ಭಾಷೆಯ ದುಭಾಷಿಯ ಮುಖ ನೋಡಿ ‘ಅವರಿಗೆ ಅರ್ಥವಾಯಿತಾ?’ ಎನ್ನುವುದು, ಗುಂಪು ಪ್ರಾಜೆಕ್ಟಿನಲ್ಲಿ ‘ನೀನು ಆರಾಮಾಗಿರು, ನಾವು ಮಾಡ್ತೀವಿ’ ಎನ್ನುವುದು. ಈ ಕೊನೆಯ ಮಾತು ಭರವಸೆ, ನಂಟು ಎರಡನ್ನೂ ಒಂದೇ ಏಟಿಗೆ ಕಡಿಯುತ್ತದೆ. ಅಂಕ ಬರುತ್ತದೆ, ಕಲಿಕೆ ಬರುವುದಿಲ್ಲ.

ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಕಿರು ಪ್ರಶ್ನಾವಳಿ ಬಳಕೆಯಲ್ಲಿದೆ. ಕಳೆದ ಎರಡು ವಾರಗಳನ್ನು ನೆನೆದು ಉತ್ತರಿಸಬೇಕು. ಎರಡು ಪ್ರಶ್ನೆ ಒಟ್ಟಾರೆ ಬದುಕು ಮತ್ತು ಆರೋಗ್ಯದ್ದು. ಉಳಿದವು ದೈಹಿಕ 7, ಮಾನಸಿಕ 6, ಸಾಮಾಜಿಕ ಸಂಬಂಧ 3, ಪರಿಸರ 8. ನೋವು, ಚಿಕಿತ್ಸೆಯ ಅವಲಂಬನೆ, ಬೇಸರದ ಭಾವನೆಗಳ ಕುರಿತ 3, 4 ಮತ್ತು 26ನೇ ಪ್ರಶ್ನೆಗಳ ಅಂಕವನ್ನು ತಿರುಗಿಸಿ (1 ಇದ್ದರೆ 5, 5 ಇದ್ದರೆ 1 ಎಂದು) ಲೆಕ್ಕ ಹಾಕಬೇಕು. ಅವಸರದಲ್ಲಿ ಇದನ್ನು ಮರೆತರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ನಾಲ್ಕೂ ವಿಭಾಗಗಳನ್ನು ಒಟ್ಟು ಕೂಡಿಸುವುದು ಇನ್ನೂ ದೊಡ್ಡ ತಪ್ಪು. ಓಡಾಟ, ಚಿಕಿತ್ಸೆಗಳ ಪ್ರಶ್ನೆಗಳಿಂದಾಗಿ ದೈಹಿಕ ವಿಭಾಗದ ಅಂಕ ತಗ್ಗುವುದು ಸಹಜ; ಅಷ್ಟರಿಂದ ಬದುಕು ಕಳಪೆ ಎನ್ನಲಾಗದು. ಸಂಶೋಧಕರಾದ ಆಲ್ಬ್ರೆಕ್ಟ್ ಮತ್ತು ಡೆವ್ಲೀಗರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಅಂಗವೈಕಲ್ಯವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಬದುಕು ಚೆನ್ನಾಗಿದೆ ಎಂದೇ ಹೇಳಿದ್ದರು. ದೈಹಿಕ ಅಂಕ ತಗ್ಗಿ ಮಾನಸಿಕ ಅಂಕ ಚೆನ್ನಾಗಿದ್ದರೆ ಗಾಬರಿ ಬೇಡ. ಪರಿಸರ ಮತ್ತು ಸಂಬಂಧಗಳ ಅಂಕ ಕುಸಿದಿದ್ದರೆ ಸರಿಪಡಿಸಬೇಕಾದದ್ದು ಕಾಲೇಜನ್ನು.

ವಿದ್ಯಾರ್ಥಿಯೊಂದಿಗಿನ ಮೊದಲ ಭೇಟಿಯಲ್ಲಿ ರೋಗದ ಹೆಸರಿನಿಂದ ಶುರುಮಾಡಬೇಡಿ. ಹಿಂದಿನ ತರಗತಿಗಳಲ್ಲಿ ಯಾವ ಏರ್ಪಾಡು ಕೈಹಿಡಿಯಿತು, ಯಾವುದು ಕಿರಿಕಿರಿಯಾಯಿತು, ಯಾರಿಗೆ ಎಷ್ಟು ತಿಳಿಸಬಹುದು ಎಂದು ಕೇಳಿ. ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು), ಅಪಸ್ಮಾರದಂಥ ಕಣ್ಣಿಗೆ ಕಾಣದ ತೊಂದರೆಯವರು ಪ್ರತಿ ಸೆಮಿಸ್ಟರಿನಲ್ಲೂ ಪ್ರತಿ ಅಧ್ಯಾಪಕರ ಮುಂದೆ ಅದೇ ಕಥೆ ಹೇಳಿ ಹೇಳಿ ಸೋತಿರುತ್ತಾರೆ. ಎಲ್ಲ ಅಧ್ಯಾಪಕರಿಗೂ ಒಂದೇ ಪತ್ರ ಸಾಕು: ಅದರಲ್ಲಿ ಏರ್ಪಾಡುಗಳಷ್ಟೇ ಇರಲಿ, ರೋಗದ ಹೆಸರು ಬೇಡ.

ಸ್ಕ್ರೈಬ್ ಜೊತೆ ಪರೀಕ್ಷೆಗೆ ಮುಂಚೆ ಕನಿಷ್ಠ ಎರಡು ಬಾರಿಯಾದರೂ ಬರೆದು ಅಭ್ಯಾಸವಾಗಲಿ. ವಿಷಯದ ಪದಗಳೇ ಗೊತ್ತಿಲ್ಲದವರು ಬಂದು ಕೂತರೆ ಕಾಗುಣಿತ ಹೇಳುವುದರಲ್ಲೇ ಹೆಚ್ಚುವರಿ ಸಮಯ ಮುಗಿಯುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್, ಪರದೆಯ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದ ಪಾಲಿಗೆ ಬರೀ ಚಿತ್ರ. ಕಡತವನ್ನು ಪಠ್ಯರೂಪದಲ್ಲಿ, ತರಗತಿಗೆ ಎರಡು ದಿನ ಮೊದಲೇ ಕೊಡಿ. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಬಾರದು, ಅಂದರೆ 15 ಸೆಂ.ಮೀ. ಎತ್ತರಕ್ಕೆ 180 ಸೆಂ.ಮೀ. ಉದ್ದ. ಕಡಿದಾದರೆ ಹಿಂದಿನಿಂದ ತಳ್ಳುವವರು ಬೇಕೇ ಬೇಕು, ಸ್ವಾಯತ್ತತೆ ಅಲ್ಲಿಗೇ ಮುಗಿಯಿತು.

ನಾಲ್ಕನೇ ವಾರದಲ್ಲಿ ಮತ್ತೆ ಮಾತಾಡಿ. ‘ಎಲ್ಲಾ ಸರಿಯಿದೆಯಾ?’ ಎಂದರೆ ಹೂಂ ಎಂದಷ್ಟೇ ಬರುತ್ತದೆ. ಕೊಟ್ಟ ಏರ್ಪಾಡಿನಲ್ಲಿ ಯಾವುದನ್ನು ಬಳಸಲಿಲ್ಲ, ಏಕೆ ಎಂದು ಕೇಳಿ. ಪ್ರತ್ಯೇಕ ಕೊಠಡಿಯಲ್ಲಿ ಬರೆಯಲು ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಮುಜುಗರ ಆಗ ಹೊರಬೀಳಬಹುದು. ಕೊಠಡಿ ಬದಲಿಸಬೇಕೋ, ತರಗತಿಯ ಮೂಲೆಯ ಮೇಜೇ ಸಾಕೋ, ಅದನ್ನು ಹೇಳಬೇಕಾದವರು ವಿದ್ಯಾರ್ಥಿಯೇ.